ನಲವತ್ತೊಂಬತ್ತು ಎಳೆಯ ತಂತಿ

ಸೆಪ್ಟೆಂಬರ್ 4, ಗುರುವಾರ

ನಿದ್ರೆ: ಮೂರು ಗಂಟೆ. ಊಟ: ಬ್ರೆಡ್ಡು, ನಿಂತುಕೊಂಡೇ.

ಇಷ್ಟು ಬರೆದರೆ ಸಾಕು ಎಂದಿದ್ದಾರೆ ಡಾಕ್ಟರಮ್ಮ. ದಿನಾ ಎರಡು ಸಾಲು. ಆ ಎರಡು ಸಾಲಿಗೆಂದು ನಾನು ಇನ್ನೂರು ಹಾಳೆಯ ಪುಸ್ತಕ ತಂದಿದ್ದೇನೆ. ಖಾಲಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಾಲೇಜಿಗೆ ಹೋಗಿದ್ದು ಒಂದೇ ವರ್ಷ. ಅಲ್ಲಿನ ಇಂಗ್ಲಿಷ್ ಮೇಷ್ಟ್ರು "ಬಿ ಬ್ರೀಫ್! ಬಿ ಬ್ರೀಫ್!" ಎಂದು ನನ್ನ ಬೆಂಚನ್ನೇ ಕುಟ್ಟುತ್ತಿದ್ದರು. ಮಾತು ನೆನಪಿದೆ, ಬುದ್ಧಿ ಬರಲಿಲ್ಲ.

ಬೆಳಿಗ್ಗೆ ಪುಟ್ಟಿ ಬಂದಿದ್ದಳು. ಪುಟ್ಟಿ ಎಂದರೆ ನನ್ನ ಹೆಂಡತಿಯ ತಂಗಿ. (ಡಾಕ್ಟರಮ್ಮ ಓದಿದರೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.) ನಮ್ಮ ಮದುವೆಯಲ್ಲಿ ಹತ್ತು ವರ್ಷದವಳು, ನನ್ನ ಹೊಸ ಚಪ್ಪಲಿ ಬಚ್ಚಿಟ್ಟು ಅಳಿಸಿದವಳು. ಈಗ ಐವತ್ತು, ಆಸ್ಪತ್ರೆಯಲ್ಲಿ ಹೆಡ್ ನರ್ಸು. ನಮಗೆ ಮಕ್ಕಳಿಲ್ಲ, ಗದರಿಸಲು ಇದ್ದವಳು ಇವಳೊಬ್ಬಳೇ. ಈಗ ಗದರಿಸುವವಳೂ ಇವಳೇ.

ಮದುವೆಗೆ ದಿನ ಸಿಕ್ಕಿತಂತೆ. ಅಕ್ಟೋಬರ್ ಹದಿನೆಂಟು, ರಿಜಿಸ್ಟ್ರಾರ್ ಆಫೀಸು. ಗಂಡು ಸಿಟಿ ಬಸ್ಸಿನ ಡ್ರೈವರು. ಹನ್ನೊಂದು ವರ್ಷ ಒಂದೇ ಬಸ್ಸು ಹತ್ತಿ, ಕೊನೆಗೆ ಡ್ರೈವರನ್ನೇ ಇಳಿಸಿಕೊಂಡಳು ನಮ್ಮ ಪುಟ್ಟಿ. ಡಿಸೆಂಬರಿನಲ್ಲಿ ಮದುವೆಯಾಗುವ ಸುದ್ದಿಯನ್ನು ಮೊದಲು ಹೇಳಿದ್ದು ಅಕ್ಕನಿಗೆ. ಅಕ್ಕ ಅಂದೇ ಅಟ್ಟದಿಂದ ಡಬ್ಬಿ ಇಳಿಸಿದಳು. ಅದರಲ್ಲಿ ಅವರಮ್ಮನ ಸರದ ನೀಲಿ ಗಾಜಿನ ಮಣಿಗಳಿದ್ದವು. ಆ ಸರದ ದಾರ ಯಾವತ್ತೋ ಹರಿದಿತ್ತು. ಬಟ್ಟೆ ಹೊದಿಸಿದ ಮಣಿ ಹಲಗೆಯ ಮೇಲೆ ಅರವತ್ತೊಂದನ್ನು ಸಾಲಾಗಿ ಜೋಡಿಸಿ, "ನಾಳೆ ತಂತಿ ತರ್ತೀನಿ" ಎಂದಳು. ಯಾವ ತಂತಿ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ಆಸ್ಪತ್ರೆ. ಜನವರಿಯಲ್ಲಿ ಹೋಗಿಬಿಟ್ಟಳು.

ಹಲಗೆ ಅವಳ ಕಿಟಕಿಯ ಪಕ್ಕದ ಮೇಜಿನ ಮೇಲೆ ಹಾಗೆಯೇ ಇದೆ. ಅವಳ ಕುರ್ಚಿಯೂ. ನಾನು ಅದರಲ್ಲಿ ಕೂರುವುದಿಲ್ಲ. ಪರದೆ ಸರಿಸುವುದಿಲ್ಲ, ಬಿಸಿಲಿಗೆ ಬಣ್ಣ ಹೋದೀತು.

"ಭಾವ, ಈ ಹಲಗೆ ಕೊಡಿ. ಮಣಿ ಅಂಗಡೀಲಿ ಕೊಟ್ಟು ಪೋಣಿಸಿಸ್ತೀನಿ."

"ಮುಟ್ಟಬೇಡ."

"ಮುಟ್ಟದೆ ಪೋಣಿಸೋಕೆ ಮಂತ್ರ ಹಾಕ್ತೀರಾ?"

"ಇರೋ ಹಾಗೇ ಇರ್ಲಿ ಅಂದೆ."

"ಅಕ್ಕ ಅದನ್ನ ಜೋಡಿಸಿದ್ದು ನನ್ನ ಕುತ್ತಿಗೆಗೆ ಭಾವ. ನೀವು ನೋಡ್ತಾ ಕೂರೋಕಲ್ಲ."

ಮಾತು ಎಲ್ಲಿಗೋ ನಾಟಿತು. ಬಾಯಿ ತಪ್ಪಿ ಬಂದುಬಿಟ್ಟಿತು: "ನಾನೇ ಪೋಣಿಸಿ ಕೊಡ್ತೀನಿ. ನಲವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದೋನು. ತಂತಿ ವಿಷಯ ನನಗೆ ಹೇಳಿಕೊಡ್ತೀಯಾ?"

"ಜನ್ಮದಲ್ಲಿ ಒಂದಾದ್ರೂ ಮಣಿ ಪೋಣಿಸಿದೀರಾ?"

"ಮಣಿ ಇಲ್ಲ. ತಂತಿ ಗೊತ್ತು."

"ಹದಿನೆಂಟನೇ ತಾರೀಖು ನನ್ನ ಕುತ್ತಿಗೆ ಬರೀದಾಗಿದ್ರೆ ನಿಮ್ಮನ್ನ ಸಾಕ್ಷಿ ಸಹಿಗೂ ಕರೆಯಲ್ಲ" ಎಂದು ಹೇಳಿ ಹೋದಳು. ಹೇಳಿದಂತೆ ಮಾಡುವವಳು ಅವಳು.

ಸೆಪ್ಟೆಂಬರ್ 6, ಶನಿವಾರ

ನಿದ್ರೆ: ಮೂರೂವರೆ. ಊಟ: ಮೊಟ್ಟೆ.

ತಂತಿ ಎಂದರೆ ತಾಮ್ರ. ಇದರಲ್ಲಿ ಯೋಚಿಸುವುದೇನಿದೆ? ಟ್ರಂಕಿನಲ್ಲಿ ಎನಾಮಲ್ ಹಚ್ಚಿದ ವೈಂಡಿಂಗ್ ತಂತಿಯ ಸುರುಳಿಗಳು ಇನ್ನೂ ಇವೆ. ಇಪ್ಪತ್ತಾರು ಗೇಜು ಆರಿಸಿದೆ. ನಮ್ಮ ಗೇಜಿನ ಪದ್ಧತಿ ತಿರುವುಮುರುವು, ನಂಬರು ಏರಿದಷ್ಟೂ ತಂತಿ ಸಣ್ಣ. ಅರವತ್ತೇಳಕ್ಕೆ ಏರಿದ ನಾನೂ ಹಾಗೆಯೇ ಆಗಿದ್ದೇನೆ, ಪ್ಯಾಂಟು ನಿಲ್ಲುತ್ತಿಲ್ಲ.

ಸುಟ್ಟ ಮೋಟಾರು ಬಂದರೆ ನಾವು ಮೊದಲು ಕತ್ತರಿ ಹಾಕುವುದಿಲ್ಲ. ಎಷ್ಟು ಸುತ್ತು, ಯಾವ ಕಡೆಗೆ, ಯಾವ ತುದಿ ಎಲ್ಲಿ ಸೇರಿದೆ, ಎಲ್ಲ ಬರೆದುಕೊಂಡು ಆಮೇಲೆ ಬಿಚ್ಚುವುದು. ಬರೆಯದೆ ಬಿಚ್ಚಿದವನು ಕೆಟ್ಟ. ಹಾಗಾಗಿ ಇವತ್ತು ಹಲಗೆಯ ನಕ್ಷೆ ಬರೆದೆ. ಒಂದರಿಂದ ಅರವತ್ತೊಂದು. ಪ್ರತಿಯೊಂದಕ್ಕೂ ಬಣ್ಣ, ಗುಳ್ಳೆ ಇದೆಯೋ ಇಲ್ಲವೋ, ತೂತು ಎಷ್ಟು ದೊಡ್ಡದು. ಕೈಯಲ್ಲಿ ಮಾಡಿದ ಹಳೆಯ ಮಣಿಗಳು, ಒಂದರಂತೆ ಒಂದಿಲ್ಲ. ಅವಳು ಯಾವ ಲೆಕ್ಕದಲ್ಲಿ ಜೋಡಿಸಿದಳು ಎಂದು ಎರಡು ಗಂಟೆ ಹುಡುಕಿದೆ. ಸಿಗಲಿಲ್ಲ. ಅವಳ ಕಣ್ಣಿಗೆ ಚೆಂದ ಕಂಡ ಲೆಕ್ಕ ಇರಬೇಕು.

ಕೊನೆಯ ಅರವತ್ತೊಂದನೆಯದರ ತೂತು ಸೂಜಿಮೊನೆಯಷ್ಟೇ. ಅದಕ್ಕೆ ಹಠಮಾರಿ ಎಂದು ಹೆಸರಿಟ್ಟೆ.

ಸೆಪ್ಟೆಂಬರ್ 7, ಭಾನುವಾರ

ನಿದ್ರೆ: ಎರಡು. ಮೊದಲ ಮಣಿ ಎತ್ತಲು ಹೋದೆ. ಎತ್ತಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಎತ್ತಿದೆ. ಏನೂ ಆಗಲಿಲ್ಲ. ಹಲಗೆಯ ಬಟ್ಟೆಯ ಮೇಲೆ ಧೂಳಿಲ್ಲದ ಒಂದು ಸಣ್ಣ ವೃತ್ತ ಕಂಡಿತು, ಅಷ್ಟೇ. ಆಮೇಲೆ ಉಳಿದ ಅರವತ್ತೂ ಅರ್ಧ ಗಂಟೆಯಲ್ಲಿ ತಂತಿಗೆ ಏರಿದವು. ಹಠಮಾರಿಯೂ ಒಪ್ಪಿತು. ವೈಂಡಿಂಗಿನಲ್ಲಿ ಎಳೆಯುವ ಹಾಗೆ ಬಿಗಿಯಾಗಿ ಎಳೆದು ತುದಿ ತಿರುಚಿ ಕೊಂಡಿ ಹಾಕಿದೆ. ಕಾಯಿಲ್ ಸಡಿಲವಾದರೆ ಅದುರುತ್ತದೆ, ಅದುರಿದರೆ ಸುಡುತ್ತದೆ. ಮಣಿಗಳ ನಡುವೆ ಉಗುರು ತೂರಿಸಲು ಜಾಗವಿಲ್ಲ. ಹೆನ್ಸ್ ಪ್ರೂವ್ಡ್.

ಪುಟ್ಟಿಗೆ ಫೋನು ಮಾಡಿ, "ಮುಗೀತು. ಇಷ್ಟಕ್ಕೆ ಎಷ್ಟು ಗಲಾಟೆ!" ಎಂದೆ.

ಸೆಪ್ಟೆಂಬರ್ 13, ಶನಿವಾರ

ಹೆನ್ಸ್ ಪ್ರೂವ್ಡ್ ಅಲ್ಲ.

ಪುಟ್ಟಿ ಸರ ಹಾಕಿಕೊಂಡಳು. ಸರ ಕುತ್ತಿಗೆಗೆ ಒರಗಲಿಲ್ಲ. ಬಕೆಟ್ಟಿನ ಹಿಡಿಯ ಹಾಗೆ ಗಾಳಿಯಲ್ಲಿ ನಿಂತಿತು.

"ಭಾವ, ಇದನ್ನ ಹಾಕ್ಕೊಂಡು ನಾನು ಮದುವೆ ಆಗ್ಲಾ, ಬಾವಿಗೆ ಇಳೀಲಾ?"

"ಬಗ್ಗಿಸಿದ್ರೆ ಸರಿ ಹೋಗುತ್ತೆ, ಕೊಡು" ಎಂದು ಕೊಂಡಿಯ ಹತ್ತಿರ ಆ ಕಡೆ ಈ ಕಡೆ ನಾಲ್ಕು ಸಲ ಬಗ್ಗಿಸಿದೆ. ಟಕ್ ಎಂದಿತು. ತಾಮ್ರವನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಗಡಸಾಗಿ ಮುರಿಯುತ್ತದೆ ಎಂದು ಅಂಗಡಿಯಲ್ಲಿ ಹೊಸಬರಿಗೆಲ್ಲ ಹೇಳಿಕೊಟ್ಟವನು ನಾನೇ. ಅರವತ್ತೊಂದು ಮಣಿ ನೆಲದ ಮೇಲೆ ಓಡಿದವು.

ಇಬ್ಬರೂ ಮಂಡಿಯೂರಿ ಮಂಚದ ಕೆಳಗೆ ತೆವಳಿದೆವು. ಅಲ್ಲಿ ನನ್ನ ತಲೆ ಅವಳ ತಲೆಗೆ ಢೀ ಹೊಡೆಯಿತು. "ನಲವತ್ತು ವರ್ಷ ತಂತಿ ಕೆಲಸ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆನಂತೆ, ಅವಳು ಹೇಳಿದ್ದು. ನನಗೆ ಮಣಿ ಎಣಿಸುವ ಚಿಂತೆ. ಕೊನೆಯದು ನನ್ನ ಚಪ್ಪಲಿಯೊಳಗೆ ಸಿಕ್ಕಿತು. ನಕ್ಷೆ ನೋಡಿ ಎಲ್ಲವನ್ನೂ ಮತ್ತೆ ಹಲಗೆಯಲ್ಲಿ ಕೂರಿಸಿದೆ. ಬರೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು.

ಹೋಗುವಾಗ, "ಅಂಗಡಿಗೆ ಹೋಗಿ ಕೇಳಿ ಭಾವ. ಕೇಳಿದ್ರೆ ಮೀಸೆ ಉದುರಲ್ಲ" ಎಂದಳು.

ನಿದ್ರೆ: ಐದು. ತೆವಳಿದ ಸುಸ್ತು.

ಸೆಪ್ಟೆಂಬರ್ 17, ಬುಧವಾರ

ಮಣಿ ಅಂಗಡಿ ಚರ್ಚಿನ ಬಾಗಿಲಿನಷ್ಟೂ ಅಗಲವಿಲ್ಲ, ಒಳಗೆ ಮಾತ್ರ ರೈಲಿನ ಬೋಗಿಯ ಹಾಗೆ ಉದ್ದ. ಗೋಡೆಯ ತುಂಬ ಗಾಜಿನ ಭರಣಿಗಳು. ಅಂಗಡಿಯಮ್ಮನಿಗೆ ನನ್ನಷ್ಟೇ ವಯಸ್ಸಿರಬೇಕು. ಕನ್ನಡಕಕ್ಕೆ ಹಸಿರು ಮಣಿಯ ಸರ ಕಟ್ಟಿದ್ದಾರೆ. ನಾನು ಮೇಲೆ ಕೆಳಗೆ ನೋಡುವುದನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು:

"ನೀವು ಆ ನಗ್ತಾ ನಗ್ತಾ ಬೈಯೋ ಅಮ್ಮನ ಮನೆಯವರಲ್ವಾ? ಹೋಗಿಬಿಟ್ರು ಅಂತ ಗೊತ್ತಾಯ್ತು."

ಹೌದು ಎಂದೆ. ಆಮೇಲೆ ಮುಖ್ಯವಾದದ್ದನ್ನು ಕೇಳಿದೆ: ಅವಳು ಯಾವ ತಂತಿ ತೆಗೆದುಕೊಳ್ಳುತ್ತಿದ್ದಳು?

"ಪ್ರತಿ ಸಲ ಅಗ್ಗದ್ದು ತಗೊಂಡು ಹೋಗೋರು, ವಾರ ಬಿಟ್ಟು ಬಂದು ನನ್ನನ್ನ ಬೈಯೋರು."

ಅಲ್ಲಿಗೆ ಆ ದಾರಿ ಮುಚ್ಚಿತು. ಅಂದರೆ ಆರಿಸಬೇಕಾದವನು ನಾನೇ.

ಅಂಗಡಿಯಮ್ಮ ಗಲ್ಲಾದ ಮೇಲೆ ಮೂರು ಸುರುಳಿ ಇಟ್ಟರು. ಮೂರೂ ಸ್ಟೀಲು, ಮೇಲೆ ನೈಲಾನಿನ ತೆಳು ಹೊದಿಕೆ. ಒಂದರೊಳಗೆ ಏಳು ಎಳೆ, ಇನ್ನೊಂದರಲ್ಲಿ ಹತ್ತೊಂಬತ್ತು, ಮತ್ತೊಂದರಲ್ಲಿ ನಲವತ್ತೊಂಬತ್ತು. ಕೂದಲಿಗಿಂತ ಸಣ್ಣ ಎಳೆಗಳನ್ನು ಹೊಸೆದು ಒಂದು ಮಾಡಿದ್ದು.

"ಸ್ಟೀಲಾ? ಸ್ಟೀಲಲ್ಲಿ ಕರೆಂಟು ಸರಿಯಾಗಿ ಓಡಲ್ಲ" ಎಂದೆ.

"ಕುತ್ತಿಗೇಲಿ ಕರೆಂಟು ಯಾಕ್ರೀ ಓಡಬೇಕು ಯಜಮಾನ್ರೇ?"

ಮೂರೂ ಸುರುಳಿಯನ್ನು ಬೆರಳಲ್ಲಿ ಒತ್ತಿ ನೋಡಿದೆ.

"ದಾರ ಆಗಲ್ವಾ?" ಎಂದು ಕೇಳಿದೆ. ಹಳೆಯ ಗಾಜಿನ ತೂತಿನ ಅಂಚು ಬ್ಲೇಡಿನ ಹಾಗಂತೆ, ದಾರವನ್ನು ತಿಂದುಹಾಕುತ್ತದಂತೆ. ಅತ್ತೆಯವರ ಸರ ಹರಿದದ್ದು ಹಾಗೆಯೇ. ಏಳು ಎಳೆಯದನ್ನು ಬೆರಳಿಗೆ ಸುತ್ತಿ ಬಿಟ್ಟರು, ಸೊಟ್ಟಗೆ ನಿಂತಿತು. ನಲವತ್ತೊಂಬತ್ತು ಎಳೆಯದನ್ನು ಸುತ್ತಿ ಬಿಟ್ಟರು, ಜಾರಿ ಮಲಗಿತು, ಏನೂ ಆಗಿಲ್ಲವೆಂಬಂತೆ. "ಗಾಜು, ಮೈಗೆ ಹತ್ತಿಕೊಂಡು ಇರಬೇಕು, ವರ್ಷಗಟ್ಲೆ ಬಾಳಬೇಕು ಅಂದ್ರೆ ಇದೇ. ತೂತಿಗೆ ತುಂಬೋ ಅಷ್ಟು ದಪ್ಪ ತಗೊಳ್ಳಿ. ಸಣ್ಣದಾದ್ರೆ ಮಣಿ ಅಲ್ಲಾಡಿ ಗರಗಸ ಎಳೆದ ಹಾಗೆ ತಂತೀನ ಕುಯ್ಯುತ್ತೆ."

ದುಬಾರಿಯದ್ದಕ್ಕೆ ಕೈ ಹಾಕುವ ಮೊದಲು ಏಳು ಎಳೆಯದರಲ್ಲಿ ಕೈ ಪಳಗಿಸಿ ಎಂದು ಒಂದು ತುಂಡನ್ನೂ ಒಡಕು ಬಡಕು ಮಣಿಗಳನ್ನೂ ಪೊಟ್ಟಣ ಕಟ್ಟಿದರು. ಚಹಾ ಕೊಟ್ಟರು. ಚೆನ್ನಾಗಿತ್ತು.

ಸೆಪ್ಟೆಂಬರ್ 24, ಬುಧವಾರ

ಐದು ಸರ ಪೋಣಿಸಿದೆ, ಐದೂ ಬಿಚ್ಚಿದೆ. ತುದಿಗೆ ಗಂಟು ಹಾಕುವ ಹಾಗಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಲೋಹದ ಕೊಳವೆಯೊಳಗೆ ತಂತಿ ತೂರಿಸಿ, ಕೊಂಡಿಗೆ ಸುತ್ತಿ, ಅದೇ ಕೊಳವೆಯಲ್ಲಿ ವಾಪಸು ತಂದು, ಕಡೆಯ ಮಣಿಯೊಳಗೂ ದಾಟಿಸಿ ಇಕ್ಕಳದಿಂದ ಒತ್ತಬೇಕು. ದೀಪದ ಬೆಳಕು ಸಾಲುವುದಿಲ್ಲ. ಪರದೆ ಸರಿಸಿ ಕಿಟಕಿಯ ಹತ್ತಿರ ಕುಳಿತರೆ ಕಾಣುತ್ತದೆ. ಕುರ್ಚಿಯ ಎತ್ತರವೂ ಈ ಕೆಲಸಕ್ಕೆ ಸರಿಯಾಗಿದೆ. ಮೊಣಕೈ ತಾನಾಗಿ ಮೇಜಿನ ಅಂಚಿಗೆ ಬರುತ್ತದೆ. ಯಾರೋ ಅಳೆದು ಮಾಡಿಸಿದಂತಿದೆ.

ಎದುರು ಮನೆಯ ಬಾಲ್ಕನಿಯಲ್ಲಿ ಹೊಸದಾಗಿ ಯಾರೋ ಬಂದಿದ್ದಾರೆ, ದಿನಾ ಏಳು ಅಂಗಿ ಒಣಹಾಕುತ್ತಾರೆ.

ನಿದ್ರೆ: ಐದೂವರೆ. ಊಟ: ಸೂಪು, ಬ್ರೆಡ್ಡು, ಎರಡು ಬಾಳೆಹಣ್ಣು.

ಸೆಪ್ಟೆಂಬರ್ 30, ಮಂಗಳವಾರ

ಆರನೆಯದನ್ನು ಅಂಗಡಿಗೆ ಒಯ್ದೆ. ಅಂಗಡಿಯಮ್ಮ ಅದನ್ನು ಗಲ್ಲಾದ ಮೇಲೆ ನಿಲ್ಲಿಸಿದರು. ನಿಜಕ್ಕೂ ನಿಂತಿತು.

"ಇದೇನು ಸರಾನಾ, ಪಾತ್ರೆ ಇಡೋ ಸಿಂಬಿನಾ? ಇಷ್ಟು ಬಿಗಿ ಯಾಕೆ ಎಳೀತೀರಿ?"

"ಬಿಗಿ ಇದ್ರೇನೇ ಅಲ್ವೇ ಗಟ್ಟಿ?"

"ಬಿಗಿ ಇದ್ರೆ ಮಣಿಗೆ ಮಣಿ ಉಜ್ಜುತ್ತೆ, ಎಳೆತ ಎಲ್ಲಾ ತುದಿಗೆ ಬೀಳುತ್ತೆ. ಒಂದು ದಿನ ಯಾರೋ ಸ್ವಲ್ಪ ಜಗ್ಗಿದ್ರೆ ಮುಗೀತು. ಎರಡು ಸಾಸಿವೆಕಾಳಿನಷ್ಟು ಜಾಗ ಬಿಡಿ. ಒತ್ತೋದಕ್ಕೆ ಮುಂಚೆ ಸರಾನ ದುಂಡಗೆ ಮಲಗಿಸಿ ನೋಡಿ, ಅದೇ ಎಷ್ಟು ಬೇಕು ಅಂತ ಹೇಳುತ್ತೆ."

ಕಾಲೇಜಿನಲ್ಲಿ ಎಲಾಸ್ಟಿಕ್ ಲಿಮಿಟ್ ಎಂದೇನೋ ಕಲಿತಿದ್ದೆ. ಅಷ್ಟರವರೆಗೆ ಎಳೆದರೆ ವಾಪಸು ಬರುತ್ತದೆ, ಮೀರಿದರೆ ಬರುವುದಿಲ್ಲ. ಡೆಫಿನಿಷನ್ ಪೂರ್ತಿ ನೆನಪಿಲ್ಲ. ಅಂಗಡಿಯಮ್ಮನಿಗೆ ಹೇಳಿದೆ. "ಪರೀಕ್ಷೇಲಿ ಎಷ್ಟು ಬಂದಿತ್ತು?" ಎಂದು ಕೇಳಿದರು. ಮಾತು ಬದಲಾಯಿಸಿದೆ.

ಹಠಮಾರಿಯ ವಿಷಯವನ್ನೂ ಹೇಳಿದೆ. "ಅದನ್ನ ತುದೀಲಿ ಇಡಬೇಡಿ. ತುದಿ ಮಣಿಯೊಳಗೆ ತಂತಿ ಎರಡು ಸಲ ಹೋಗಬೇಕು. ಅದನ್ನ ಮಧ್ಯಕ್ಕೆ ಹಾಕಿ, ದೊಡ್ಡ ತೂತಿನದನ್ನ ತುದಿಗೆ ತನ್ನಿ" ಎಂದರು.

ಆಗುವುದಿಲ್ಲ ಎಂದೆ. ಅವಳು ಇಟ್ಟ ಕ್ರಮ ಅದು. ನಾನು ಬರೆದುಕೊಂಡಿದ್ದೇನೆ.

ಅಂಗಡಿಯಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ಮತ್ತೆ ಹಾಕಿಕೊಂಡರು. ನಲವತ್ತೊಂಬತ್ತು ಎಳೆಯದನ್ನು ಅಳೆದು ಕೊಟ್ಟರು.

ಅಕ್ಟೋಬರ್ 5, ಭಾನುವಾರ

ಬಸ್ ಡ್ರೈವರನ್ನು ಪುಟ್ಟಿ ಕರೆತಂದಿದ್ದಳು. ಮನುಷ್ಯ ಮಾತು ಕಮ್ಮಿ. ಹನ್ನೊಂದು ಗಂಟೆಗೆ ಬರುತ್ತೇನೆಂದವನು ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಬಂದು, ಎರಡು ನಿಮಿಷ ಬಾಗಿಲ ಹೊರಗೆ ನಿಂತು, ಆಮೇಲೆ ಬೆಲ್ಲು ಒತ್ತಿದನಂತೆ. ನಾನು ತಂತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಪೂರ್ತಿ ಕೇಳಿದ. ಕೊನೆಗೆ, "ಕ್ಲಚ್ ಕೇಬಲ್ಲೂ ಹಾಗೇ, ಹೊಸೆದಿದ್ದೇ ಬಾಳೋದು" ಎಂದ. ಒಳ್ಳೆಯ ಮನುಷ್ಯ. ಅರವತ್ತೇಳನೇ ವಯಸ್ಸಿಗೆ ನನಗೊಬ್ಬ ಷಡ್ಡಕ ಸಿಗುತ್ತಾನೆಂದು ಯಾರಿಗೆ ಗೊತ್ತಿತ್ತು?

ಮೂರು ಬಟ್ಟಲು ತೊಳೆದಿಟ್ಟೆ. ಇಷ್ಟು ದಿನ ಒಂದೇ ಇರುತ್ತಿತ್ತು.

ಅಕ್ಟೋಬರ್ 9, ಗುರುವಾರ

ಅರವತ್ತು.

ಅಕ್ಟೋಬರ್ 10, ಶುಕ್ರವಾರ

ನಿದ್ರೆ: ಎರಡು. ಊಟ: ಇಲ್ಲ.

ನಿನ್ನೆ ಬರೆಯಲು ಆಗಲಿಲ್ಲ. ಎಲ್ಲ ಸರಿಯಾಗಿತ್ತು. ಅರವತ್ತು ಮಣಿ ಹಾವಿನ ಮರಿಯ ಹಾಗೆ ಮೆತ್ತಗೆ ಮಲಗಿದ್ದವು. ಕೊನೆಗೆ ಹಠಮಾರಿ. ಒಂದು ಸಲ ತಂತಿ ದಾಟಿತು. ವಾಪಸು ಬರುವಾಗ ತುದಿ ಮಾತ್ರ ಇಣುಕಿ ನಿಂತಿತು. ಬಿಡಬೇಕಿತ್ತು. ಇಕ್ಕಳದಿಂದ ಕಚ್ಚಿ ಎಳೆದೆ. ಗಾಜು ಸದ್ದೇ ಮಾಡಲಿಲ್ಲ. ಕೈ ಬಿಡಿಸಿದರೆ ಎರಡು ಹೋಳು.

ಅಂಗಡಿಯಮ್ಮ ಹೇಳಿದ್ದರು. ಅವಳು ಇಟ್ಟ ಜಾಗದಿಂದ ಕದಲಿಸಬಾರದೆಂದು ನಾನು ಹಠ ಹಿಡಿದೆ, ಆ ಮಣಿಯನ್ನೇ ಒಡೆದೆ. ಅಂಥ ಮಣಿ ಇನ್ನು ಎಲ್ಲೂ ಸಿಗುವುದಿಲ್ಲ.

ಪರದೆ ಎಳೆದಿದ್ದೇನೆ.

ಅಕ್ಟೋಬರ್ 12, ಭಾನುವಾರ

ಪುಟ್ಟಿ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಳು. ಎರಡು ದಿನ ಫೋನು ಎತ್ತಿರಲಿಲ್ಲ ನಾನು. ಬಾಗಿಲು ತೆಗೆದ ತಕ್ಷಣ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಎರಡು ಹೋಳುಗಳನ್ನು ಅವಳ ಅಂಗೈಯಲ್ಲಿಟ್ಟೆ.

"ನಿಮ್ಮಮ್ಮನದು. ನಿಮ್ಮಕ್ಕ ಇಟ್ಟದ್ದು. ನಾನು ಒಡೆದೆ."

ಹೋಳುಗಳನ್ನು ಬೆರಳಿಂದ ಕೂಡಿಸಿ ನೋಡಿದಳು. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ಭಾವ, ಇದು ಯಾಕೆ ಕೊನೇಲಿತ್ತು ಗೊತ್ತಾ?"

"ಅವಳ ಲೆಕ್ಕ."

"ಲೆಕ್ಕ ಏನೂ ಇಲ್ಲ. ಅಕ್ಕ ಜೋಡಿಸ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಅರವತ್ತಾಯ್ತು. ಇದೊಂದು ಡಬ್ಬಿ ತಳದಲ್ಲಿ ಉಳೀತು. 'ಪಾಪ, ಒಂದೇ ಯಾಕೆ ಉಳೀಬೇಕು, ಇದೂ ಒಂದು ಕಡೆ ಬಿದ್ದಿರಲಿ' ಅಂತ ಕೊನೇಲಿ ಇಟ್ಟಳು. ಅಷ್ಟೇ."

ನನ್ನ ನಕ್ಷೆಯಲ್ಲಿ ಆ ಮಣಿಯ ಸುತ್ತ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೆ, ಬಹಳ ಮುಖ್ಯ ಎಂದು.

"ಈಗ ಏನಾದ್ರೂ ಒಂದು ಹಾಕಿ. ಆದ್ರೆ ಅರವತ್ತೊಂದು ಇರಬೇಕು, ಅಕ್ಕ ಎಣಿಸಿದ್ದು ಅಷ್ಟು. ಇನ್ನು ಆರು ದಿನ ಇದೆ. ಮೊದಲು ಏನಾದ್ರೂ ತಿನ್ನಿ, ಮುಖ ಒಣಗಿದ ಸ್ಪಂಜಿನ ಹಾಗಿದೆ."

ಅವಳೇ ಪರದೆ ಸರಿಸಿದಳು.

ಅಕ್ಟೋಬರ್ 14, ಮಂಗಳವಾರ

ಸಣ್ಣ ಇಕ್ಕಳ ಹುಡುಕಲು ಹಳೆಯ ಟ್ರಂಕು ಬಗೆದೆ. ತಳದಲ್ಲಿ ತಗಡಿನ ಡಬ್ಬಿ, ಅಲ್ಲಾಡಿಸಿದರೆ ಗಲಗಲ. ತೆರೆದು ನೋಡಿದರೆ ಪಿಂಗಾಣಿ ಮಣಿ! ಹೀಟರಿನೊಳಗೆ ಕಾದು ಕೆಂಪಾಗುವ ಕಡೆ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ ನಿಲ್ಲುವುದಿಲ್ಲ, ಕರಗುತ್ತದೆ. ಅಲ್ಲಿ ಈ ಬಿಳಿ ಮಣಿಗಳನ್ನು ಒಂದರ ಹಿಂದೊಂದು ಪೋಣಿಸುತ್ತಿದ್ದೆವು. ಎಷ್ಟು ಹೀಟರು, ಎಷ್ಟು ಇಸ್ತ್ರಿಪೆಟ್ಟಿಗೆ! ಜನ್ಮದಲ್ಲಿ ಒಂದಾದರೂ ಮಣಿ ಪೋಣಿಸಿದ್ದೀರಾ ಎಂದಿದ್ದಳಲ್ಲ ಪುಟ್ಟಿ. ಇಲ್ಲ ಎಂದಿದ್ದೆ. ನಲವತ್ತು ವರ್ಷ ಇನ್ನೇನು ಮಾಡಿದೆ ನಾನು?

ಗಾತ್ರ ಹೆಚ್ಚುಕಡಿಮೆ ನೀಲಿ ಮಣಿಯಷ್ಟೇ. ತೂತು ಧಾರಾಳ. ತಂತಿ ಎರಡು ಸಲ ಆರಾಮವಾಗಿ ಹೋಯಿತು. ಒತ್ತಿದ ಮೇಲೆ ಕೊಳವೆಯನ್ನೂ ಹೊಟ್ಟೆಯೊಳಗೆ ಇಟ್ಟುಕೊಳ್ಳುವಷ್ಟು ಜಾಗವಿತ್ತು, ಕುತ್ತಿಗೆಗೆ ಚುಚ್ಚುವ ಮಾತೇ ಇಲ್ಲ. ಸರವನ್ನು ದುಂಡಗೆ ಮಲಗಿಸಿದೆ. ಎರಡು ಸಾಸಿವೆಕಾಳಿನಷ್ಟು ಜಾಗ ಬಿಟ್ಟೆ. ಒತ್ತಿದೆ.

ಕೊಂಡಿಯ ಪಕ್ಕ, ಕೂದಲ ಕೆಳಗೆ ಬರುತ್ತದೆ ಆ ಬಿಳಿ ಮಣಿ. ಯಾರಿಗೂ ಕಾಣುವುದಿಲ್ಲ.

ಅಂಗಡಿಯಮ್ಮನಿಗೆ ತೋರಿಸಲು ಒಯ್ದೆ. ಎತ್ತಿ ಹಿಡಿದರು, ಅಂಗೈಯಲ್ಲಿ ಸುರಿದುಕೊಂಡರು, ನೀರಿನ ಹಾಗೆ ಸುರಿಯಿತು. "ನಿಮ್ಮ ಮನೆಯವರು ಇದ್ದಿದ್ರೆ ಇದಕ್ಕೆ ಏನಂತ ಬೈತಿದ್ರೋ" ಎಂದರು. ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಏನೂ ಹೊಳೆಯಲಿಲ್ಲ.

ಅಕ್ಟೋಬರ್ 18, ಶನಿವಾರ

ರಿಜಿಸ್ಟ್ರಾರ್ ಆಫೀಸಿನಲ್ಲಿ ಬೆಂಚುಗಳು ಪೋಸ್ಟಾಫೀಸಿನ ಹಾಗೆ. ನಮ್ಮ ಸರದಿ ಏಳನೆಯದು. ಪುಟ್ಟಿ ಬೂದು ಬಣ್ಣದ ಉಡುಪಿನಲ್ಲಿ ಬಂದಳು. ಸರ ಕುತ್ತಿಗೆಯಲ್ಲಿ ಒರಗಿತ್ತು, ಅವಳು ತಿರುಗಿದ ಕಡೆಗೆ ತಾನೂ ತಿರುಗುತ್ತಿತ್ತು. ಆದರೆ ಹಿಂದುಮುಂದಾಗಿತ್ತು. ಕೊಂಡಿಯೂ ಬಿಳಿ ಮಣಿಯೂ ಗಂಟಲ ಗುಳಿಯಲ್ಲಿ!

"ಪುಟ್ಟಿ, ಕೊಂಡಿ ಮುಂದಕ್ಕೆ ಬಂದಿದೆ. ಇಲ್ಲಿ ಬಾ, ತಿರುಗಿಸ್ತೀನಿ."

ಕೈಗೆ ಫಟ್ಟೆಂದು ಹೊಡೆದಳು. "ಸುಮ್ನಿರಿ ಭಾವ. ಬೇಕು ಅಂತಲೇ ಹಾಕಿದೀನಿ. ಅಕ್ಕನವು ಅರವತ್ತಿವೆ, ಎಲ್ಲಿದ್ರೂ ಕಾಣುತ್ತೆ. ನಿಮ್ಮದು ಒಂದೇ. ಅದು ಹಿಂದೆ ಯಾಕೆ ಅಡಗಿಕೊಂಡಿರಬೇಕು?"

ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು.

ಸಹಿ ಆಯಿತು. ಸಾಕ್ಷಿ ಸಹಿ ನನ್ನದು. ಪೆನ್ನು ಕೆಳಗಿಟ್ಟು ನೋಡುತ್ತೇನೆ, ಷಡ್ಡಕ ಪುಟ್ಟಿಯನ್ನು ತಬ್ಬಿಕೊಂಡಿದ್ದಾನೆ. ಬಿಡಿಸಿಕೊಳ್ಳುವಾಗ ಅವನ ಕೋಟಿನ ಗುಂಡಿ ಸರಕ್ಕೆ ಸಿಕ್ಕಿಕೊಂಡಿತು. ಅವನಿಗೆ ಗೊತ್ತಾಗದೆ ಹಿಂದಕ್ಕೆ ಸರಿದ. ಸರ ಗೆರೆಯ ಹಾಗೆ ಬಿಗಿದು ನಿಂತಿತು. ಮೇಜಿನ ಈ ಕಡೆಯಿಂದ ನಾನು "ಸ್ಟಾಪ್!" ಎಂದು ಕೂಗಿದೆ. ಡ್ರೈವರಲ್ಲವೇ, ಇದ್ದಲ್ಲೇ ನಿಂತ.

ಟಕ್ ಎನ್ನಲಿಲ್ಲ. ಗುಂಡಿ ಕಿತ್ತು ಬಂತು. ಸರ ಮೊದಲಿನ ಹಾಗೆ ಕುತ್ತಿಗೆಗೆ ಇಳಿದು ಕುಳಿತಿತು. ನಾನು ಅವಳ ಸುತ್ತ ಒಂದು ಸುತ್ತು ಬಂದು ಕಣ್ಣಲ್ಲೇ ಎಣಿಸಿದೆ. ಅರವತ್ತೊಂದು.

ಷಡ್ಡಕ ಗುಂಡಿ ಹೆಕ್ಕಿ ಜೇಬಿಗೆ ಹಾಕಿಕೊಂಡು ಹೇಳಿದ: "ಕೇಬಲ್ ಗಟ್ಟಿ ಇದೆ."

ಅಕ್ಟೋಬರ್ 21, ಮಂಗಳವಾರ

ಹಲಗೆ ಖಾಲಿ. ಬಟ್ಟೆಯ ಮೇಲೆ ಅರವತ್ತೊಂದು ಸಣ್ಣ ವೃತ್ತಗಳು ಉಳಿದಿದ್ದವು. ಒದ್ದೆ ಅರಿವೆಯಿಂದ ಒರೆಸಿ ಒಣಗಲು ಇಟ್ಟೆ.

ಅಂಗಡಿಯಮ್ಮ ಹರಿದ ಸರಗಳ ಒಂದು ಪೊಟ್ಟಣ ಕಳಿಸಿದ್ದಾರೆ. ಯಾರೋ ಗಿರಾಕಿಗಳವು. "ನಿಮಗೆ ಬಿಡುವಿದ್ರೆ" ಎಂದು ಚೀಟಿ ಬರೆದಿದ್ದಾರೆ. ಚೀಟಿಯ ಹಿಂದೆ, "ಬಿಗಿ ಎಳೀಬೇಡಿ." ಮೊದಲನೆಯದು ಮರದ ಮಣಿ, ಹಗುರ, ಹತ್ತೊಂಬತ್ತು ಎಳೆ ಸಾಕಾಗುತ್ತದೆ. ಎರಡನೆಯದು ಕೆಂಪು ಕಲ್ಲು, ತೂಕ ಇದೆ, ಗುರುವಾರ ಹೋಗಿ ಕೇಳಬೇಕು. ಗುರುವಾರ ಅವರು ಬಿಸ್ಕತ್ತು ತರಿಸುತ್ತಾರೆ.

ನಾಳೆ ಡಾಕ್ಟರಮ್ಮನ ಹತ್ತಿರ ಹೋಗುವ ದಿನ. ಪುಸ್ತಕ ತೋರಿಸಬೇಕಂತೆ. ತಿರುವಿ ನೋಡಿದರೆ ನಿದ್ರೆಯ ಲೆಕ್ಕ ಹತ್ತನೇ ತಾರೀಖಿನಿಂದ ಈಚೆಗೆ ಬರೆದೇ ಇಲ್ಲ. ಊಟದ್ದೂ ಇಲ್ಲ. ಎರಡು ಸಾಲು ಬರೆಯಿರಿ ಎಂದರೆ ಅದೆರಡನ್ನೇ ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದಿದ್ದೇನೆ. ಬೈಯುತ್ತಾರೆ. ಬೈಯಲಿ.

ಹಲಗೆ ಒಣಗಿದೆ. ಕಿಟಕಿಯ ಹತ್ತಿರ ಇನ್ನೂ ಒಂದು ಗಂಟೆ ಬೆಳಕಿರುತ್ತದೆ. ಮರದ ಮಣಿಗಳನ್ನು ಬಿಚ್ಚುವ ಮೊದಲು ಕ್ರಮ ಬರೆದುಕೊಳ್ಳುತ್ತೇನೆ.